ರೆಕ್ಕೆಯ ಮೇಲಿನ ಮದರಂಗಿ

“ಹಕ್ಕಿ ನಂದ್ರಿ. ಆದ್ರ ಕೇಳೂ ಅಧಿಕಾರ ನನಗಿಲ್ಲ.”

ಅಂಗಳದಲ್ಲಿ ನಿಂತು ಹೀಗೆಂದವನನ್ನು ಶಮಶಾದಬಿ ಮಾಳಿಗೆಯ ಮೇಲಿನಿಂದ ನೋಡಿದಳು. ಬಿಳಿ ಪಾರಿವಾಳ ಅವಳ ಕೈಗಳ ನಡುವೆ ಬೆಚ್ಚಗೆ ಕುಳಿತಿತ್ತು. ಬಡಿಯುತ್ತಿದ್ದುದು ಅದರ ಎದೆಯೋ, ತನ್ನದೋ... ಅವಳಿಗೇ ತಿಳಿಯಲಿಲ್ಲ.

“ಯಾಕಿಲ್ಲ?”

“ಪಾರಿವಾಳ ಸಾಕವ್ರ ರಿವಾಜ ಅದು. ಇನ್ನೊಬ್ಬರ ಮಾಳಿಗಿಗೆ ಇಳಿದ ಹಕ್ಕಿ ಹಿಡಿದವ್ರಿಗೇ ಸೇರ್ತೈತಿ. ಸುಮ್ನ ನೋಡಿ ಹೋಗೂಣು ಅಂತ ಬಂದೆ.”

“ಹಕ್ಕಿನೋ?”

ಇಂಡಿ ಎಂಬ ಊರಿನ ಪೇಟೆಯಲ್ಲಿ ನಿಂಬೆಹಣ್ಣು ಮಾರುವ ಮೈಬೂಬನಿಗೆ ಮಾತಿನ ಬರವಿರಲಿಲ್ಲ. ಅಂದು ಮಾತ್ರ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನೆಲ ನೋಡಿದ. ಅವಳು ನಗುತ್ತ ಕೈ ಬಿಚ್ಚಿದಳು. ಪಾರಿವಾಳ ಹಾರಿತು.

ಆಮೇಲೆ ಅದು ದಿನವೂ ಆ ಮಾಳಿಗೆಗೆ ಬಂದುಹೋಗತೊಡಗಿತು.

ಕೆಲವು ತಿಂಗಳಿಗೆ ಮೈಬೂಬನ ತಾಯಿ ಮಾಬುಬಿ ಹೆಣ್ಣು ಕೇಳಲು ಬಂದಳು. ಶಮಶಾದಬಿಯ ತಂದೆ ನಬಿಲಾಲ, “ವಿಚಾರ ಮಾಡಿ ಹೇಳ್ತೇನ್ರಿ” ಎಂದ. ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ.

ಮರುದಿನ ಪಾರಿವಾಳ ಬಂದಾಗ ಶಮಶಾದಬಿ ಅದರ ರೆಕ್ಕೆಯ ಒಳಬದಿಗೆ ಮದರಂಗಿಯಿಂದ ಒಂದು ಸಣ್ಣ ಎಲೆ ಬರೆದು ಹಾರಿಬಿಟ್ಟಳು.

ಅದು ಅರವತ್ತೈದನೆಯ ಇಸವಿ. ಗಡಿಯಲ್ಲಿ ಯುದ್ಧ ನಡೆದಿತ್ತು. ಹಳೆಯ ಗೆಳೆಯರೇ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ಕಾಲ. ಮಸೀದಿಗೆ ಹೋಗುವವನು ಪಾರಿವಾಳ ಹಾರಿಸಿದರೆ ಗೂಢಚಾರನೆಂಬ ಸುದ್ದಿ ಠಾಣೆಯವರೆಗೂ ಮುಟ್ಟುತ್ತಿತ್ತು.

ಎರಡು ದಿನಗಳಲ್ಲಿ ಪೊಲೀಸರು ಮೈಬೂಬನನ್ನು ಕರೆದೊಯ್ದರು. ಪಂಜರ ಸಮೇತ.

ಕೇಸಿಲ್ಲ. ಸಾಕ್ಷಿಯಿಲ್ಲ. ವಿಚಾರಣೆಯೂ ಇಲ್ಲ. ಯುದ್ಧಕಾಲದ ಕಾಯ್ದೆ, ಇಷ್ಟೇ ಉತ್ತರ.

ಮಾಬುಬಿಯ ಜೊತೆ ಶಮಶಾದಬಿ ವಿಜಾಪುರದ ಜೈಲಿಗೆ ಹೋದಳು. ತಾಯಿಯನ್ನು ಒಳಗೆ ಬಿಟ್ಟರು. ಕಾವಲಿನವನು ಕೈದಿಯನ್ನು ಕೇಳಿ ಬಂದು ಇವಳಿಗೆ ಹೇಳಿದ.

“ಗುರುತ ಇಲ್ಲ ಅಂತಾನವ್ವಾ. ಇಂಥ ಹೆಸರಽ ಕೇಳಿಲ್ಲಂತ.”

ಅವಳು ಬುರ್ಖಾದ ಪರದೆ ಇಳಿಸಿಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ಒಂದು ಎಲೆ ಬರೆದು ನಾನು ಎಲ್ಲವನ್ನೂ ಹೇಳಿದೆ... ಆತನಿಗೆ ಹೆಸರೂ ನೆನಪಿಲ್ಲ.

ಅಂದಿನಿಂದ ಮಾಳಿಗೆ ಹತ್ತುವುದನ್ನೇ ಬಿಟ್ಟಳು.

ಮಾಬುಬಿ ಸುಮ್ಮನೆ ಕೂರುವ ಹೆಂಗಸಲ್ಲ. ವಕೀಲ ಪಂಢರಿನಾಥರನ್ನು ಹಿಡಿದು ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕಿಸಿದಳು. ಚಳಿಗಾಲದ ಹೊತ್ತಿಗೆ ಸರಕಾರದ ಉತ್ತರ ಬಂತು. ಅಂದು ಸಂಜೆ ವಕೀಲರೇ ನಬಿಲಾಲನ ಮನೆಗೆ ಬಂದರು.

“ಪಾರಿವಾಳದ ರೆಕ್ಕಿಮ್ಯಾಗ ಗುಪ್ತ ಗುರುತ ಇತ್ತಂತ. ಎಲಿ ಹಂಗ. ಯಾರು ಬರದ್ರು ಅಂತ ಎಷ್ಟ ಕೇಳಿದ್ರೂ ಆತ ಬಾಯಿ ಬಿಟ್ಟಿಲ್ಲ. ಅದಕ್ಕಽ ದೇಶಕ್ಕ ಅಪಾಯದವ ಅಂತ ಇಟ್ಟಾರ. ನಿಮ್ಮ ಮಾಳಿಗಿಗೆ ಆ ಹಕ್ಕಿ ಬರ್ತಿತ್ತಂತ ಮಾಬುಬಿ ಅಂದ್ಲು. ನೀವೇನರೆ ನೋಡೀರೇನು?”

ಬಾಗಿಲ ಹಿಂದೆ ನಿಂತಿದ್ದ ಶಮಶಾದಬಿಗೆ ಎಲ್ಲವೂ ಕೇಳಿಸಿತು.

ಗುರುತಿಲ್ಲ ಎಂದದ್ದು ನನ್ನನ್ನು ಬಿಟ್ಟದ್ದಲ್ಲ. ನನ್ನ ಹೆಸರು ಠಾಣೆ ಮುಟ್ಟದಿರಲಿ ಎಂದು... ಇಷ್ಟು ತಿಂಗಳು...

ಅವಳು ಹೊರಗೆ ಬಂದಳು. “ವಕೀಲ್ ಸಾಹೇಬ್ರ, ಅದನ್ನ ಬರದಾಕಿ ನಾನಽ. ಕೋರ್ಟಿನ್ಯಾಗ ಹೇಳ್ತೇನಿ.”

ನಬಿಲಾಲ ಎದ್ದು ನಿಂತ. “ಲಗ್ನಾಗದ ಹುಡುಗಿ ಹುಡುಗಗ ಗುರುತ ಕಳಿಸ್ಯಾಳ ಅಂತ ಊರೆಲ್ಲಾ ಆಡ್ಕೊಂತೈತಿ. ಮುಂದ ನಿನ್ನ ಯಾರ ಮಾಡ್ಕೊಂತಾರ?”

“ಆಡ್ಕೊಳ್ಳಿ ಅಬ್ಬಾ. ಖರೇನಽ ಕಳಿಸೇನಿ.”

ಪಂಢರಿನಾಥರು ಮೆಲ್ಲಗೆ ಹೇಳಿದರು. “ಯುದ್ಧಕಾಲದಾಗ ಕೋರ್ಟಿನ ಬಾಗಿಲಾ ಅರ್ಧಾ ಮುಚ್ಚೇತಿ, ಮಗಳ. ಆದ್ರ ವಿಚಾರ ಮಾಡದಽ ಹಿಡದಾರ ಅಂತ ತೋರಿಸಿದ್ರ ತೆರಿಬಹುದು. ಯಾರನ್ನೂ ಮನಸ್ಸಿಗೆ ಬಂದಂಗ ಬಂಧನದಾಗ ಇಡಬಾರದು ಅಂತ ಜಗತ್ತಿನ ದೇಶಗಳು ಒಂದು ಸಭಾ ಕೂಡಿ ಸಾರ್ಯಾವ. ನಮ್ಮ ದೇಶಾನೂ ಹೂಂ ಅಂದೈತಿ. ಅದೊಂದರಿಂದ ಜೈಲಿನ ಕೀಲಿ ತೆಗಿಯೂದಿಲ್ಲ ಖರೆ. ಆದ್ರೂ ನಾ ಅದನ್ನ ಕೋರ್ಟಿಗೆ ನೆನಪ ಮಾಡಿ ಕೊಡ್ತೇನಿ.”

ಶಮಶಾದಬಿ ಬೆರಗಾಗಿ ನಿಂತಳು. ಹೆಸರೂ ಕೇಳದ ದೇಶದವರು, ಕಡಲಾಚೆಯ ಜನ, ಇಂಡಿಯ ಒಬ್ಬ ನಿಂಬೆ ವ್ಯಾಪಾರಿಯ ಸಲುವಾಗಿ ಮೊದಲೇ ಮಾತಾಡಿಟ್ಟಿದ್ದಾರೆ...

ನಬಿಲಾಲ ಒಳಗೆ ಹೋಗಿ ಶಾಲು ತಂದು ಮಗಳ ಕೈಗಿಟ್ಟ.

“ಬೆಂಗಳೂರಾಗ ಥಂಡಿ ಭಾಳ ಅಂತ. ಶಾಲು ಇಟ್ಕೊಳವಾ. ನಾನೂ ಬರ್ತೇನಿ.”

ಕೋರ್ಟಿನ ಚಾವಣಿ ಎಷ್ಟು ಎತ್ತರವಿತ್ತೆಂದರೆ, ಅವಳಿಗೆ ತನ್ನ ಉಸಿರೂ ಅಲ್ಲಿ ಸಣ್ಣದೆನಿಸಿತು. ಕಪ್ಪು ನಿಲುವಂಗಿಯ ಇಬ್ಬರು ನ್ಯಾಯಮೂರ್ತಿಗಳು ಸರಕಾರದ ವಕೀಲರನ್ನು ಕೇಳಿದರು, ಈ ಮನುಷ್ಯನನ್ನು ಯಾಕೆ ಇಟ್ಟಿದ್ದೀರಿ ಎಂದು. ಠಾಣೆ, ಜೈಲು, ಬಂದೂಕು ಎಲ್ಲ ಇರುವ ಸರಕಾರ ಎದ್ದು ನಿಂತು ಉತ್ತರ ಹುಡುಕುತ್ತಿತ್ತು. ಹೀಗೂ ಕೇಳಬಹುದೇ? ಶಮಶಾದಬಿಯ ಮೈ ಜುಮ್ಮೆಂದಿತು.

ಅವಳು ಪ್ರಮಾಣ ಮಾಡಿ ಬರೆಸಿಕೊಟ್ಟ ಹೇಳಿಕೆ ಓದಿದ ಹಿರಿಯ ನ್ಯಾಯಮೂರ್ತಿ ಅವಳತ್ತ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಪಂಢರಿನಾಥರು ಕನ್ನಡದಲ್ಲಿ ಹೇಳಿದರು.

“ಆ ಗುರುತಿನ ಅರ್ಥ ಏನು ಅಂತ ಕೇಳಾಕತ್ತಾರ.”

ಇಡೀ ಕೋಣೆ ಕಾಯುತ್ತಿತ್ತು. ಹಿಂದೆ ಅಬ್ಬಾ ಇದ್ದ.

“ಮನಿಗೆ ಹೆಣ್ಣ ಕೇಳಾಕ ಬಂದಿದ್ರು. ನನ್ನ ಯಾರೂ ಕೇಳಲಿಲ್ರಿ. ಅದಕ್ಕ ನಾನಽ ಹೇಳಿ ಕಳಿಸಿದೆ, ಒಪ್ಪಿಗಿ ಐತಿ ಅಂತ.”

ಸರಕಾರದ ವಕೀಲರು ತಲೆ ತಗ್ಗಿಸಿದರು. ಹಿರಿಯ ನ್ಯಾಯಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. ಕೂಡಲೇ ಬಿಡುಗಡೆ ಮಾಡಬೇಕೆಂದು ಹುಕುಂ ಆಯಿತು.

ಜೈಲಿನ ಸಣ್ಣ ಬಾಗಿಲಿನಿಂದ ಮೈಬೂಬ ಬಾಗಿ ಹೊರಬಂದ. ಸೊರಗಿದ್ದ. ಮಾಬುಬಿ ಅವನ ಮುಖ ಸವರಿ, ಅತ್ತು, ಕಡೆಗೆ ನಬಿಲಾಲನ ಜೊತೆ ಟಾಂಗಾ ಹುಡುಕಲು ಹೋದಳು. ಬೇಕೆಂದೇ ಹೋದಳು. ಹಿರಿಯರಿಗೆ ಅಷ್ಟು ತಿಳಿಯುತ್ತದೆ.

ಅವನು ಗೋಡೆಯ ಪಕ್ಕದಲ್ಲೇ ನಿಂತಿದ್ದ.

“ಗುರುತ ಇಲ್ಲ ಅಂದ್ರೆಲ್ಲ,” ಎಂದಳು ಶಮಶಾದಬಿ. “ನಾ ಎಷ್ಟ ಅತ್ತೇನಿ, ಗೊತ್ತೈತೇನ್ರಿ?”

“ಇಲ್ಲಿ ಹೆಸರ ಹೇಳಿದ್ರ ಬರಕೊಂತಾರ. ನಿನ್ನ ಹೆಸರ ಅಂಥಾ ಕಡೆ ಬರಿಸಾಕ ಮನಸ್ಸಾಗಲಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಈತನ ಬಾಯಿ ತೆರೆಸಲು ಸರಕಾರದ ಇಷ್ಟೆಲ್ಲ ಬಲ ಸಾಲಲಿಲ್ಲ...

“ನಿಂತಿರ್ಯಾಕ?”

ಅವನು ನಾಚಿದ. “ಯಾರರ ನಡಿ ಅಂತಾರೇನೋ ಅಂತ... ರೂಢಿ ಆಗೇತಿ.”

“ಇನ್ನ ಯಾರೂ ಹೇಳೂದಿಲ್ರಿ.”

“ಎತ್ತಾಗ ಹೋಗೂಣು?”

“ನಿಮಗ ಎತ್ತಾಗ ಮನಸ್ಸೈತಿ, ಅತ್ತಾಗ.”

“ನೀ ಬರ್ತೀ?”

“ಬರ್ತೇನಿ. ಸಾವಕಾಶ ನಡೀರಿ... ಅವಸರ ಏನಿಲ್ಲ.”