ಅರಿಶಿನದ ಕ್ಯಾಪ್ಸೂಲ್

"ಅವ್ವಾ, ಹುಷಾರು!"

ರೇವತಿ ಕಿರುಚುವಷ್ಟರಲ್ಲಿ ಅವಳ ತಾಯಿ ಜಟ್ಟೆಮ್ಮ ನಲ್ಲಿಕಟ್ಟೆ ಎಡವಿ ಬಿದ್ದಾಗಿತ್ತು. ಬಿಂದಿಗೆ ಉರುಳಿ ನೀರೆಲ್ಲ ಚರಂಡಿ ಸೇರಿತು.

"ಬೆಳಿಗ್ಗೆನೇ ಕುಡ್ದಿದಾಳಾ?" ಸಾಲಿನಲ್ಲಿದ್ದ ಹೆಂಗಸೊಬ್ಬಳು ಪಿಸುಗುಟ್ಟಿದಳು.

"ನಮ್ಮವ್ವ ಕುಡಿಯಲ್ಲ!" ಎಂದಳು ರೇವತಿ. ಆದರೆ ಅವ್ವನ ಮಾತು ತೊದಲುತ್ತಿತ್ತು. ಒಂದು ವಾರದಿಂದ ಹೀಗೇ. ಅವಳು ಅಡುಗೆ ಮಾಡುವ ಇಂದಿರಾನಗರದ ಮನೆಯ ಶಾಂತಕುಮಾರಿ ಮೇಡಂ ಕೂಡ, "ನೆಟ್ಟಗಾದ್ಮೇಲೆ ಬಾ" ಎಂದು ವಾಪಸ್ ಕಳಿಸಿದ್ದರು.

ಜಟ್ಟೆಮ್ಮನಿಗೆ ಫಿಟ್ಸ್ ಇತ್ತು. ದಿನಾ ಮಾತ್ರೆ ನುಂಗುತ್ತಿದ್ದುದರಿಂದ ಎರಡು ವರ್ಷ ಅದು ಬಂದಿರಲಿಲ್ಲ. ಕಾಟ ಕೊಡುತ್ತಿದ್ದುದು ಮೊಣಕಾಲು ನೋವು. ಅದಕ್ಕೆಂದು ಹೋದ ತಿಂಗಳು ಆ ಮೇಡಮ್ಮೇ ಒಂದು ಡಬ್ಬಿ ಅರಿಶಿನದ ಕ್ಯಾಪ್ಸೂಲ್ ಕೊಟ್ಟಿದ್ದರು.

ಆರನೇ ಕ್ಲಾಸಿನ ರೇವತಿ ಡಬ್ಬಿಯ ಮೇಲಿನ ಇಂಗ್ಲಿಷನ್ನು ಕೂಡಿಸಿ ಓದಿದ್ದಳು. "ಇದ್ರಲ್ಲಿ ಕಾಳುಮೆಣಸಿನ ಸಾರಾನೂ ಇದೆ. ಅದಿದ್ರೆ ಅರಿಶಿನ ಮೈಗೆ ಚೆನ್ನಾಗಿ ಹಿಡಿಯುತ್ತಂತೆ. ಎರಡೂ ಅಡುಗೆಮನೆ ಸಾಮಾನೇ ಅಲ್ವಾ? ಏನೂ ಆಗಲ್ಲ."

ನೋವು ನಿಜವಾಗಿಯೂ ಇಳಿದಿತ್ತು. ದಿನಾ ಎರಡೆರಡು ಕ್ಯಾಪ್ಸೂಲ್ ಮರೆಯದೆ ಅವ್ವನ ಕೈಗಿಡುತ್ತಿದ್ದವಳು ರೇವತಿಯೇ.

ಈಗ ಅವಳು ಕಾಯಿನ್ ಬೂತಿಗೆ ಓಡಿ ಅಪ್ಪನ ಮೇಸ್ತ್ರಿಗೆ ಫೋನ್ ಮಾಡಿದಳು. ಅಪ್ಪ ಭಗವಂತರಾಯ ಸಿಮೆಂಟಿನ ಕೈಯಲ್ಲೇ ಬಂದ. ಮೂವರೂ ಆಟೋ ಹತ್ತಿ ಆಸ್ಪತ್ರೆಗೆ ಹೋದರು.

"ಬೇರೆ ಏನಾದ್ರೂ ಔಷಧಿ ತಗೊಳ್ತಿದೀರಾ?" ಡಾಕ್ಟರ್ ಕೇಳಿದರು.

"ಏನೂ ಇಲ್ರಿ," ಎಂದಳು ಜಟ್ಟೆಮ್ಮ.

ರೇವತಿ ಒಂದು ಹೆಜ್ಜೆ ಮುಂದೆ ಬಂದಳು. "ಅರಿಶಿನದ ಕ್ಯಾಪ್ಸೂಲ್ ಸರ್. ನಾನೇ ಕೊಡ್ತಿದ್ದೆ."

ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಹೇಳಿದರು: "ಫಿಟ್ಸ್ ಮಾತ್ರೆ ರಕ್ತದಲ್ಲಿ ತುಂಬಾ ಏರಿಬಿಟ್ಟಿದೆ. ಮೆಣಸಿನ ಸಾರ ಅರಿಶಿನ ಒಂದನ್ನೇ ಅಲ್ಲ, ಈ ಮಾತ್ರೇನೂ ಜಾಸ್ತಿ ಹಿಡಿಸುತ್ತೆ. ಅದಕ್ಕೇ ಈ ತೂರಾಟ. ಕ್ಯಾಪ್ಸೂಲ್ ಇವತ್ತೇ ನಿಲ್ಸಿ. ಮಾತ್ರೆ ಮಾತ್ರ ನಾನು ಹೇಳಿದ ಹಾಗೆ ತಗೊಳ್ಳಿ, ನೀವಾಗೇ ಬಿಡಬೇಡಿ."

ಮನೆಗೆ ಬಂದು ರೇವತಿ ಡಬ್ಬಿ ತಿರುಗಿಸಿದಳು. ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಅವಳು ಓದಿದ್ದು ಮುಂದಿನ ದಪ್ಪ ಅಕ್ಷರಗಳನ್ನಷ್ಟೇ.

ಹತ್ತು ದಿನದಲ್ಲಿ ಅವ್ವನ ನಡಿಗೆ ನೆಟ್ಟಗಾಯಿತು. ಇಂದಿರಾನಗರದ ಮನೆಗೆ ಅಷ್ಟರಲ್ಲಿ ಬೇರೆಯವಳು ಸೇರಿಕೊಂಡಿದ್ದಳು. ಮೊಣಕಾಲು ನೋವು ಮತ್ತೆ ಬಂತು.

ಸಂಜೆ ಅವ್ವ ಗೋಡೆಗೊರಗಿ ಕಾಲು ನೀವಿಕೊಳ್ಳುತ್ತಿದ್ದಳು. "ಅದನ್ನ ತಗೊಂಡಾಗ ಕಾಲಾದ್ರೂ ಹಗುರ ಇತ್ತವಾ. ದಿನಕ್ಕ ಒಂದೇ ತಗೊಂಡ್ರ ಏನಾಗ್ತದ? ನೀ ಓದಾಕಿ, ಹೇಳು."

ಅವ್ವ ರೇವತಿಯ ಮುಖವನ್ನೇ ನೋಡುತ್ತಿದ್ದಳು. ಮಗಳು ಹೂಂ ಎಂದರೆ ಸಾಕು, ಅವ್ವ ನುಂಗಿಬಿಡುತ್ತಾಳೆ.

"ನನಗೆ ಗೊತ್ತಿಲ್ಲವ್ವಾ," ಎಂದಳು ಮೆಲ್ಲಗೆ. "ಬುಧವಾರ ಹೇಗೂ ತೋರಿಸೋಕೆ ಹೋಗ್ತೀವಲ್ಲ, ಡಾಕ್ಟರನ್ನೇ ಕೇಳೋಣ."

ಅವ್ವನ ಪಕ್ಕ ಕೂತು, ಅವಳ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.