ಲೀಟರಿಗೆ ಎಷ್ಟು ಕೊಡುತ್ತೆ?

ಮೊದಲ ಹಂಪ್ ಹತ್ತಿ ಇಳಿಯುವಷ್ಟರಲ್ಲೇ ನನಗೆ ಗೊತ್ತಾಗಿಹೋಯಿತು. ಕಾರು ಚೆಂಡಿನ ಹಾಗೆ ಪುಟಿಯಿತು. ಸ್ಟೀರಿಂಗ್ ಎರಡೇ ಬೆರಳಿಗೆ ತಿರುಗುವಷ್ಟು ಹಗುರವಾಗಿತ್ತು. ನಾಲ್ಕೂ ಟೈರಿಗೆ ಯಾರೋ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ತುಂಬಿದ್ದರು.

ಯಾರೋ ಅಂದೆನಲ್ಲ, ಅದು ಸುಮ್ಮನೆ ಮಾತಿಗೆ. ಅರ್ಧ ಗಂಟೆ ಮುಂಚೆ ಪೆಟ್ರೋಲ್ ಬಂಕಿನಲ್ಲಿ ನಾನೇ ಗಾಳಿ ಗೇಜ್ ಹಿಡಿದು ನೋಡಿದ್ದೆ, ನಾಲ್ಕಕ್ಕೂ ಮೂವತ್ಮೂರು. ಆಮೇಲೆ ಟ್ಯಾಂಕ್ ಫುಲ್ ಮಾಡಿಸಿ, ಬಿಲ್ಲಿಗೆಂದು ಒಳಗೆ ಹೋಗಿ ಕ್ಯೂನಲ್ಲಿ ನಿಂತು ಬಂದೆ. ಅಷ್ಟು ಹೊತ್ತು ಗಾಳಿ ಪೈಪಿನ ಪಕ್ಕದಲ್ಲಿ ಕಾರಿನ ಜೊತೆ ಇದ್ದವನು ಒಬ್ಬನೇ. ಅವನೀಗ ನನ್ನ ಎಡಗಡೆ ಸೀಟಿನಲ್ಲಿ ಕೂತು, ಕಿಟಕಿಯಾಚೆ ಏನೋ ಮಹಾ ವಿಶೇಷ ಇರುವವನ ಹಾಗೆ ನೋಡುತ್ತಿದ್ದ.

ಟೈರು ಗಟ್ಟಿಯಾದರೆ ಕಾರು ಸಲೀಸಾಗಿ ಉರುಳುತ್ತದೆ, ಮೈಲೇಜ್ ಒಂದಿಷ್ಟು ಏರುತ್ತದೆ. ಬ್ರೇಕಿನ ಹಿಡಿತ ಕಮ್ಮಿಯಾಗುತ್ತದೆ, ಟೈರು ನಡುವೆ ಸವೆದು ಬೇಗ ಹಾಳಾಗುತ್ತದೆ. ಆದರೆ ಇನ್ನೂರು ಕಿಲೋಮೀಟರಿನ ಟೆಸ್ಟಿನಲ್ಲಿ ಅದ್ಯಾವುದೂ ಕಾಣುವುದಿಲ್ಲ.

ನಾನು ಕಾರುಗಳ ಪತ್ರಿಕೆಯೊಂದರಲ್ಲಿ ಮೈಲೇಜ್ ಟೆಸ್ಟ್ ಮಾಡುವವಳು. ಟ್ಯಾಂಕ್ ಫುಲ್ ಮಾಡಿಸಬೇಕು, ಓಡಿಸಬೇಕು, ಅದೇ ಬಂಕಿನ ಅದೇ ಪಂಪಿಗೆ ಬಂದು ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಬೇಕು. ಆಫೀಸಿನಲ್ಲಿ ನನಗೆ ‘ಲೀಟರ್ ಮೇಡಂ’ ಅಂತಲೇ ಹೆಸರು. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದವರು. ಶೋರೂಮಿನವನು ಹೇಳಿದ ಇಪ್ಪತ್ತೆರಡನ್ನು ನಂಬಿ ಕಾರು ತಂದರು, ಅದು ಹದಿನೈದರ ಮೇಲೆ ಕೊಡಲಿಲ್ಲ. ಎರಡೇ ವರ್ಷಕ್ಕೆ ಮಾರಿ, ಮತ್ತೆ ಬೇರೆಯವರ ಗಾಡಿಗೆ ಡ್ರೈವರ್ ಆದರು. ಹಾಗಾಗಿ ನಂಬರ್ ವಿಷಯದಲ್ಲಿ ನಾನು ಸ್ವಲ್ಪ ಮೊಂಡಿ. ಸ್ವಲ್ಪ ಅನ್ನುವುದನ್ನು ಅಕ್ಕ ಒಪ್ಪುವುದಿಲ್ಲ.

ಪಕ್ಕದಲ್ಲಿ ಕೂತ ಅವನು ಈ ಕಾರಿನ ಇಂಜಿನ್ ಟ್ಯೂನ್ ಮಾಡಿದ ಇಂಜಿನಿಯರ್. ಪುಟ್ಟ ಕೆಂಪು ಕಾರು, ಎರಡೇ ಬಾಗಿಲು, ಅಗಲ ಟೈರು, ಆಕ್ಸಿಲರೇಟರ್ ಮುಟ್ಟಿದರೆ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ನನ್ನ ಮೊದಲ ಟೆಸ್ಟಿನಲ್ಲಿ ಅದು ಹದಿನೇಳು ಪಾಯಿಂಟ್ ಎರಡು ಕೊಟ್ಟಿತು. ಅಚ್ಚಿಗೆ ಹೋಗುವ ಮುಂಚೆ ಕಂಪನಿಗೆ ತಿಳಿಸುವುದು ನಮ್ಮ ಪದ್ಧತಿ. ಮರುದಿನವೇ ಇವನು ಜಗಳಕ್ಕೆ ಬಂದ.

ಬಂದವನು ಬರುತ್ತಲೇ ಇದ್ದ. ವಾರಕ್ಕೆರಡು ಸಲ ಹೊಸ ಹೊಸ ಗ್ರಾಫ್. ನನ್ನ ಮೇಜಿನ ಎದುರಿನ ಕುರ್ಚಿ ಅವನದೇ ಆಗಿಹೋಯಿತು. ಗ್ರಾಫ್ ತೋರಿಸುವಾಗ ಅವನು ನನ್ನ ಮುಖ ನೋಡುವುದಿಲ್ಲ, ಪೆನ್ನಿನ ತುದಿ ನೋಡುತ್ತಾನೆ. ನಾನು ತಪ್ಪು ಹುಡುಕಿದಾಗ ಮಾತ್ರ ಕಣ್ಣೆತ್ತಿ, ತುಟಿಯ ಒಂದೇ ಅಂಚಿನಲ್ಲಿ ನಗುತ್ತಾನೆ. ಆ ನಗುವಿಗಾಗಿ ಇಲ್ಲದ ತಪ್ಪುಗಳನ್ನೂ ಹುಡುಕಿದ್ದೇನೆ.

ಹೋದ ವಾರ ಗ್ರಾಫ್ ಇಲ್ಲದೆ ಬರಿಗೈಯಲ್ಲಿ ಬಂದಿದ್ದ. “ನನ್ನ ಮದುವೆ ಆಗ್ತೀರಾ?” ಅಂತ ಕೇಳಿಯೇಬಿಟ್ಟ. ಅವನ ಹಟಕ್ಕೆ ಒಪ್ಪಿದ ಮರುಟೆಸ್ಟಿಗೆ ಅಷ್ಟರಲ್ಲಿ ದಿನ ನಿಗದಿಯಾಗಿತ್ತು. “ಟೆಸ್ಟ್ ಮುಗೀಲಿ, ಅವತ್ತೇ ಹೇಳ್ತೀನಿ” ಅಂದಿದ್ದೆ. ಹೂಂ ಅನ್ನುವುದೆಂದು ಮನಸ್ಸು ಆಗಲೇ ತೀರ್ಮಾನ ಮಾಡಿ ಕೂತಿತ್ತು.

ಈಗ ನೋಡಿದರೆ ಈ ಗಾಳಿ.

ಗಾಡಿ ಪಕ್ಕಕ್ಕೆ ಹಾಕಿ ಕೇಳಿಬಿಡಬಹುದಿತ್ತು. ಕೇಳಿದರೆ ಒಪ್ಪಿಕೊಳ್ಳುತ್ತಾನೆ, ಸಿಕ್ಕಿಬಿದ್ದವರೆಲ್ಲ ಒಪ್ಪಿಕೊಳ್ಳುತ್ತಾರೆ. ನನಗೆ ಅವನು ತಾನಾಗಿ ಹೇಳಬೇಕಿತ್ತು. ಸಂಜೆ ಬಂಕಿನಲ್ಲಿ ಟ್ಯಾಂಕ್ ತುಂಬಿ ನಾಝಲ್ ಟಕ್ ಅನ್ನುವ ಮೊದಲು ಹೇಳಿದರೆ ಅವನು ನನ್ನವನು. ಹೇಳದಿದ್ದರೆ ಇವತ್ತಿಗೇ ಮುಗಿಯಿತು. ಹೀಗೆ ನಿರ್ಧಾರ ಮಾಡಿಕೊಂಡು ಐವತ್ತೈದರ ಸ್ಪೀಡಿನಲ್ಲಿ ಓಡಿಸುತ್ತಾ ಹೋದೆ.

“ಏನ್ ಇಂಜಿನಿಯರ್ ಸಾಹೇಬ್ರೇ, ಇವತ್ತು ಮಾತೇ ಇಲ್ಲ?”

“ಮಾತಾಡಿದ್ರೆ ಡ್ರೈವರ್ ಗಮನ ತಪ್ಪುತ್ತೆ ಅಂತ ನೀವೇ ಅಲ್ವಾ ಹೇಳಿದ್ದು?”

“ನನ್ನ ಮಾತು ಕೇಳೋ ಅಭ್ಯಾಸ ಯಾವಾಗಿಂದ?”

ಆ ನಗು ಬರಲು ಹೊರಟಿತು, ಅರ್ಧಕ್ಕೇ ನಿಂತುಬಿಟ್ಟಿತು.

ನಲವತ್ತು ಕಿಲೋಮೀಟರ್ ಕಳೆದ ಮೇಲೆ ಅವನೇ ಬಾಯಿಬಿಟ್ಟ. “ಇಂಥ ಕಾರು ತಗೊಳ್ಳೋರು ಮೈಲೇಜ್ ಯಾಕ್ರೀ ನೋಡ್ಬೇಕು?”

“ತಗೊಳ್ಳೋ ದಿನ ಯಾರೂ ನೋಡಲ್ಲ. ಒಂದು ವರ್ಷ ಕಳೀಲಿ, ಟೈರ್ ದುಬಾರಿ, ಸರ್ವೀಸ್ ದುಬಾರಿ, ಇನ್ಶೂರೆನ್ಸ್ ಕೇಳಲೇ ಬೇಡಿ. ಅಷ್ಟು ಆಸೆಪಟ್ಟು ತಂದ ಗಾಡಿಗೆ ಕವರ್ ಹಾಕಿ ಮನೆ ಮುಂದೆ ನಿಲ್ಲಿಸ್ಕೋತಾರಲ್ಲ, ಆ ಮುಖ ನೀವು ನೋಡಿದೀರಾ? ನಾನು ನೋಡಿದೀನಿ.”

ಅವನು ನೋಟ್‌ಪ್ಯಾಡಿನ ಮೂಲೆಯನ್ನು ಮಡಿಸುತ್ತಾ ಬಿಡಿಸುತ್ತಾ ಕೂತ. ಆಮೇಲೆ ಮೆಲ್ಲಗೆ, “ಹದಿನೆಂಟು ದಾಟದಿದ್ರೆ ಈ ಇಂಜಿನ್ ನಿಲ್ಲಿಸ್ತಾರಂತೆ. ನಿನ್ನೆ ಮೀಟಿಂಗಲ್ಲಿ ಹೇಳಿದ್ರು. ಮೂರು ವರ್ಷದ ಕೆಲಸ, ನಾವು ನಾಲ್ಕು ಜನ” ಅಂದ.

“ಅದಕ್ಕೆ?”

“ಅದಕ್ಕೇನಿಲ್ಲ. ಸುಮ್ನೆ ಹೇಳ್ದೆ.”

ಮೂರು ವರ್ಷ ಇವನು ಈ ಇಂಜಿನ್ನಿನ ಶಬ್ದ ಕೇಳುತ್ತಲೇ ಮಲಗಿ ಎದ್ದಿದ್ದಾನೆಂದು ನನಗೆ ಗೊತ್ತು. ಹಾಗಂತ ಅದೇ ಬಾಯಲ್ಲಿ ಇನ್ನೊಂದು ಮಾತೂ ಹೇಳಬಹುದಿತ್ತಲ್ಲ? ಮುಂದಿನ ಹಂಪಿನಲ್ಲಿ ಕಾರು ಮತ್ತೆ ಪುಟಿಯಿತು. ತಡೆಯಲಾರದೆ ಕೇಳಿದೆ:

“ಇವತ್ತು ಯಾಕೋ ಕಾರು ಕುಣೀತಿದೆ ಅಲ್ವಾ?”

ಬಾಗಿಲಿನ ಹಿಡಿಯ ಮೇಲಿದ್ದ ಅವನ ಬೆರಳು ಬಿಗಿಯಾಯಿತು. “ರೋಡ್ ಸರಿ ಇಲ್ಲ.”

“ರೋಡ್ ಹೊಸದು.”

ಅವನು ಮತ್ತೆ ಕಿಟಕಿಯ ಕಡೆ ತಿರುಗಿದ. ನನಗೆ ಅಳು ಬರುವ ಹಾಗಾಯಿತು, ಕಪ್ಪು ಕನ್ನಡಕ ಹಾಕಿಕೊಂಡೆ.

ಅರ್ಧ ದಾರಿಯಲ್ಲಿ ಟೀಗೆ ನಿಲ್ಲಿಸಿದೆವು. ಸಕ್ಕರೆ ಕಮ್ಮಿ ಹಾಕಿಸಿ, ಲೋಟದ ಬಿಸಿ ತಾಗದಂತೆ ಕರವಸ್ತ್ರ ಸುತ್ತಿ ತಂದುಕೊಟ್ಟ. ಲೋಟ ಕೈ ಬದಲಾಗುವಾಗ ಬೆರಳಿಗೆ ಬೆರಳು ತಗುಲಿತು. ಅವನು ನನ್ನನ್ನು ನೋಡಿದ, ಬಹಳ ಹೊತ್ತು ನೋಡಿದ. ಮೋಸ ಮಾಡಿದವನ ಕಣ್ಣು ಇಷ್ಟು ಚೆನ್ನಾಗಿರಬಾರದು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಟೈರಿನ ಹತ್ತಿರ ನಿಂತು, ಶೂ ತುದಿಯಿಂದ ಅದನ್ನು ಮುಟ್ಟಿದ. ನಾನು ಉಸಿರು ಹಿಡಿದೆ.

“ಹೊರಡೋಣ್ವಾ?” ಅಂದ.

ವಾಪಸ್ ದಾರಿಯಲ್ಲಿ ನಂಬರ್ ಹದಿನೆಂಟು ಮುಟ್ಟದಿರಲಿ ಅಂತ ನನ್ನೊಳಗೆ ಒಂದು ಸಣ್ಣ ಬೇಡಿಕೆ ಓಡುತ್ತಿತ್ತು. ಮುಟ್ಟದಿದ್ದರೆ ಸುಳ್ಳಿಗೆ ಬೆಲೆಯೇ ಇರುವುದಿಲ್ಲ, ನಾನೂ ಕಂಡೂ ಕಾಣದವಳ ಹಾಗೆ ಇದ್ದುಬಿಡಬಹುದು. ನನ್ನ ಬಗ್ಗೆಯೇ ನಾಚಿಕೆಯಾಯಿತು.

ಬಂಕಿನಲ್ಲಿ ಅದೇ ಪಂಪು. “ಫುಲ್ಲಾ ಮೇಡಂ?” ಅಂದ ಪಂಪಿನವನು. ನಾನು ಮೀಟರಿಗೆ ಬೆನ್ನು ಹಾಕಿ ಇವನ ಮುಖ ನೋಡುತ್ತಾ ನಿಂತೆ. ಅವನ ಕಣ್ಣು ಮೀಟರಿನಲ್ಲಿ ನೆಟ್ಟಿತ್ತು. ತುಟಿ ಒಮ್ಮೆ ತೆರೆದು ಮುಚ್ಚಿತು.

ಟಕ್.

ಹನ್ನೊಂದು ಪಾಯಿಂಟ್ ಸೊನ್ನೆ ಐದು ಲೀಟರ್. ಕ್ಯಾಲ್ಕುಲೇಟರ್ ಬೇಕಿರಲಿಲ್ಲ, ಹದಿನೆಂಟು ಪಾಯಿಂಟ್ ಒಂದು. ಅವನು ಗೆದ್ದಿದ್ದ. ಪುಸ್ತಕ ತೆಗೆದೆ, ತಾರೀಕು ಬರೆದೆ, ಕಿಲೋಮೀಟರ್ ಬರೆದೆ. ಮೈಲೇಜಿನ ಖಾನೆಗೆ ಪೆನ್ನು ತಂದೆ.

“ಬರೀಬೇಡಿ.”

ತಲೆ ಎತ್ತಿದೆ.

“ಬೆಳಿಗ್ಗೆ ನೀವು ಒಳಗೆ ಹೋದಾಗ ನಾಲ್ಕೂ ಟೈರಿಗೆ ಏಳೇಳು ಜಾಸ್ತಿ ಹಾಕ್ದೆ. ಈ ನಂಬರ್ ಸುಳ್ಳು. ದಾರಿ ಉದ್ದಕ್ಕೂ ಹೇಳ್ಬೇಕು ಅಂದ್ಕೊಂಡೆ, ಬಾಯಿ ಬರ್ಲಿಲ್ಲ. ಆದ್ರೆ ನಿಮ್ಮ ಹೆಸರಿನ ಕೆಳಗೆ ಇದು ಅಚ್ಚಾಗೋದು ನಂಗೆ ಬೇಡ.”

ನಾಝಲ್ ಟಕ್ ಅಂದಾಗಿತ್ತು. ನನ್ನ ಲೆಕ್ಕದಲ್ಲಿ ಅವನು ತಡ ಮಾಡಿದ್ದ. ಲೆಕ್ಕ ಹಾಳಾಗಿ ಹೋಗಲಿ ಅನ್ನಿಸಿತು. ಆ ಖುಷಿಯಲ್ಲಿ, ಹೇಳಬಾರದ ಮಾತನ್ನು ನಗುನಗುತ್ತಾ ಹೇಳಿಬಿಟ್ಟೆ.

“ನಂಗೆ ಗೊತ್ತಿತ್ತು ರೀ.”

“ಯಾವಾಗಿಂದ?”

“ಮೊದಲ ಹಂಪಿಂದ.”

ಅವನ ಮುಖದ ಬಣ್ಣವೇ ಇಳಿದುಹೋಯಿತು. “ನಾನು ಒಳಗೊಳಗೇ ಬೇಯ್ತಿದ್ದೆ. ನೀವು ಇನ್ನೂರು ಕಿಲೋಮೀಟರ್ ಸುಮ್ನೆ ನೋಡ್ತಾ ಕೂತಿದ್ರಾ?”

“ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ…”

“ಟೆಸ್ಟ್ ಮಾಡ್ತಿದ್ರಿ. ನಾನು ಮಾಡಿದ್ದು ತಪ್ಪು, ನಾಳೆ ಆಫೀಸಲ್ಲೂ ಹೇಳ್ತೀನಿ. ಆದ್ರೆ ನಾನೇನು ಗಾಡೀನಾ? ಮದುವೆ ಆದ್ಮೇಲೂ ಹೀಗೇ ಪಕ್ಕದಲ್ಲಿ ಕೂತು ನಂಬರ್ ಹಾಕ್ತಿರ್ತೀರಾ?”

ಬ್ಯಾಗ್ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಇಳಿದುಬಿಟ್ಟ.

ನೋಡಿ ಇವನ ಜಂಬ! ಕಳ್ಳತನ ಇವನದು, ಕೋಪವೂ ಇವನದೇ! ಎರಡು ನಿಮಿಷ ಕುದಿಯುತ್ತಾ ನಿಂತೆ. ಮೂರನೆಯ ನಿಮಿಷಕ್ಕೆ, ಅವನು ಹೇಳಿದ್ದು ನಿಜ ಅಂತ ಹೊಳೆಯಿತು. ಒಂದೇ ಮಾತು ಕೇಳಿದ್ದರೆ ಮುಗಿಯುತ್ತಿದ್ದದ್ದನ್ನು ನಾನು ಇಡೀ ದಿನದ ಶಿಕ್ಷೆ ಮಾಡಿದ್ದೆ. ಬರೆದ ಹಾಳೆ ಹರಿದು, ದುಡ್ಡು ಕೊಟ್ಟು, ಕಾರು ಹತ್ತಿದೆ.

ರಸ್ತೆಯ ಎಡ ಅಂಚಿನಲ್ಲಿ ಬಿರಬಿರನೆ ನಡೆಯುತ್ತಿದ್ದ. ಫಸ್ಟ್ ಗೇರಿನಲ್ಲಿ ಅವನ ಪಕ್ಕಕ್ಕೆ ಬಂದು ಕಿಟಕಿ ಇಳಿಸಿದೆ.

“ಹತ್ತಿ.”

“ಬಸ್ ಸ್ಟಾಪ್ ಹತ್ರಾನೇ ಇದೆ.”

ಅವನು ನಡೆದ ಹಾಗೆ ನಾನೂ ಅರ್ಧ ಕ್ಲಚ್ಚಿನಲ್ಲಿ ತೆವಳಿದೆ. ಹಿಂದೆ ಹಾರ್ನ್ ಶುರುವಾಯಿತು. ಸ್ಕೂಟರಿನವನೊಬ್ಬ “ಏನಮ್ಮಾ, ಮೆರವಣಿಗೇನಾ?” ಅಂತ ಬೈದು ಮುಂದೆ ಹೋದ.

“ತಪ್ಪಾಯ್ತು ರೀ” ಅಂದೆ. ಅವನು ತಿರುಗಲಿಲ್ಲ. “ಭಯ ಆಗಿತ್ತು. ಕೇಳಿದ್ರೆ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳ್ಬಿಟ್ರೆ ಏನ್ ಮಾಡ್ಲಿ ಅಂತ. ನೀವು ಇಲ್ದೆ ನನ್ನ ಕೈಲಿ ಆಗಲ್ಲ ಅಂತ ಆಗ್ಲೇ ಗೊತ್ತಾಗಿತ್ತು.”

ನಡಿಗೆ ಸ್ವಲ್ಪ ನಿಧಾನವಾಯಿತು. ಕಾರಿನೊಳಗೆ ಸುಟ್ಟ ವಾಸನೆ ಬರುತ್ತಿತ್ತು.

“ಪೆಡಲಿಂದ ಕಾಲು ತೆಗೀರಿ” ಅಂದ, ರಸ್ತೆ ನೋಡುತ್ತಲೇ. “ಕ್ಲಚ್ ಸುಡ್ತಿದೆ.”

“ಸುಡ್ಲಿ.”

“ಹೀಗೆ ಓಡ್ಸಿದ್ರೆ ಲೀಟರಿಗೆ ಆರೂ ಬರಲ್ಲ.”

“ಬರೋದ್ ಬೇಡ. ಟ್ಯಾಂಕ್ ಫುಲ್ ಇದೆ, ನೀವು ಹತ್ತೋವರೆಗೂ ಹೀಗೇ ಬರ್ತೀನಿ.”

ಅವನು ನಿಂತ. ನಾನು ಗಡಿಬಿಡಿಯಲ್ಲಿ ಬ್ರೇಕ್ ಒತ್ತಿ ಇಂಜಿನ್ ಆಫ್ ಮಾಡಿಕೊಂಡೆ. ಅವನು ಕಿಟಕಿಯ ಮೇಲೆ ಕೈಯೂರಿ ಬಗ್ಗಿದ.

“ಏನಂತ ಬರೀತೀರಾ?”

“ಹದಿನೇಳು ಪಾಯಿಂಟ್ ಎರಡು.”

“ಹಾಗಾದ್ರೆ ಇಂಜಿನ್ ಹೋಯ್ತು. ನನ್ನ ಕೆಲ್ಸಾನೂ ಹೋಗ್ಬಹುದು.”

“ಹೂಂ” ಅಂದೆ. “ಆದ್ರೂ ಅದೇ ಬರೀತೀನಿ.”

“ಬರೀಲೇಬೇಕು” ಅಂದ. “ಇನ್ನು ಹೋದ ವಾರ ನಾನು ಕೇಳಿದ್ದು… ಅದನ್ನ ಈಗ ಕೇಳೋ ಯೋಗ್ಯತೆ ನಂಗಿಲ್ಲ ಬಿಡಿ.”

“ನೀವು ಕೇಳ್ಬೇಡಿ. ನಾನು ಕೇಳ್ತಿದೀನಿ. ಇಷ್ಟೆಲ್ಲ ಮಾಡಿದ ಮೇಲೂ ನನ್ನ ಮದುವೆ ಆಗ್ತೀರಾ?”

ಹಿಂದೆ ಹಾರ್ನುಗಳು ಹೆಚ್ಚಾದವು. ಅವನು ಬಾಗಿಲು ತೆಗೆದ, ಕೂತ, ಬೆಲ್ಟ್ ಎಳೆದು ಹಾಕಿಕೊಂಡ. ಎದುರಿನ ರಸ್ತೆಯನ್ನೇ ನೋಡುತ್ತಾ, ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟ.

“ಆಗ್ತೀನಿ. ಮೊದ್ಲು ಗಾಡಿ ತೆಗೀರಿ, ಹಿಂದೆ ಬಸ್ಸು ನಿಂತಿದೆ.”