ಆಟದ ನಡುವೆ ಆರುವ ಕಂಪ್ಯೂಟರ್

ಶತ್ರುಗಳು ಸೇತುವೆಯ ಬಾಗಿಲಿಗೇ ಬಂದುಬಿಟ್ಟಿದ್ದರು. ಯುರಾನಿಸ್ ಬಿಲ್ಲು ಎಳೆದು ಗುರಿ ಹಿಡಿದಳು. ಹೆಡ್‌ಫೋನಿನಲ್ಲಿ ಗೆಳತಿ ಲೋರ್ಸಿ ಕಿರುಚುತ್ತಿದ್ದಳು.

"ಹೊಡಿ! ಹೊಡಿ! ಈಗ್ಲೇ ಹೊಡಿ!"

ಪಟ್ಟನೆ ಪರದೆ ಕಪ್ಪಾಯಿತು. ಲೋರ್ಸಿಯ ಕಿರುಚಾಟವೂ ನಿಂತಿತು. ಕಪ್ಪು ಗಾಜಿನಲ್ಲಿ ಯುರಾನಿಸ್‌ಗೆ ತನ್ನ ಮುಖ ಕಂಡಿತು. ಅದರ ಹಿಂದೆ ತಮ್ಮನ ಮುಖ.

"ದೇಯ್ಮರ್!"

"ನಾನೇನೂ ಮಾಡ್ಲಿಲ್ಲ ಅಕ್ಕಾ. ಸುಮ್ನೆ ನೋಡ್ತಾ ನಿಂತಿದ್ದೆ."

"ವೈರ್ ಎಳ್ದೆ ನೀನು."

"ಕೈ ನೋಡು ಬೇಕಾದ್ರೆ. ಮಾವಿನಹಣ್ಣು ತಿಂತಾ ಇದೀನಿ!" ಅವನ ಎರಡೂ ಕೈಗಳಿಂದ ಮೊಣಕೈವರೆಗೆ ರಸ ಇಳಿಯುತ್ತಿತ್ತು.

"ಹಾಗಾದ್ರೆ ಕಾಲಲ್ಲಿ ಎಳ್ದೆ."

ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅಮ್ಮ ಅಲ್ಲಿಂದಲೇ ಗದರಿದಳು. "ಮತ್ತೆ ಶುರುವಾಯ್ತಾ ನಿಮ್ಮಿಬ್ಬರದು?"

ಯುರಾನಿಸ್‌ಗೆ ಹನ್ನೊಂದು ವರ್ಷ, ದೇಯ್ಮರ್‌ಗೆ ಎಂಟು. ಬರಾಂಕಿಯಾ ಊರಿನ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗುವುದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಅವಳು ಆಡುತ್ತಿದ್ದಳು, ಅವನು ಹಿಂದೆ ನಿಂತು ನೋಡುತ್ತಿದ್ದ.

ಮೂರು ವಾರದ ಹಿಂದೆ ದೇಯ್ಮರ್ ನಿಜವಾಗಿಯೂ ಒಂದು ತಪ್ಪು ಮಾಡಿದ್ದ. ಆಟ ಜೋರಾಗಿ ನಡೆಯುತ್ತಿದ್ದಾಗ, ಕಂಪ್ಯೂಟರಿನ ಡಬ್ಬದ ಮೇಲೆ ಮಿನುಗುತ್ತಿದ್ದ ನೀಲಿ ಗುಂಡಿಯನ್ನು ಒತ್ತಿಬಿಟ್ಟಿದ್ದ. "ಏನಾಗತ್ತೆ ಅಂತ ನೋಡ್ದೆ" ಎಂದು ಅವತ್ತೇ ಒಪ್ಪಿಕೊಂಡಿದ್ದ. ಮಾರನೆಯ ದಿನ ಯುರಾನಿಸ್ ಆ ಡಬ್ಬವನ್ನು ಬಟ್ಟೆಯ ಬೀರುವಿನ ಕೆಳಗಿನ ಅರೆಗೆ ತಳ್ಳಿದಳು. ಹಿಂದಿನ ತೂತಿನಿಂದ ವೈರುಗಳನ್ನು ಹೊರಗೆ ತಂದಳು. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಆದರೂ ಕಂಪ್ಯೂಟರ್ ಆರುತ್ತಿತ್ತು. ಹೋಮ್‌ವರ್ಕ್ ಮಾಡುವಾಗ ಒಮ್ಮೆಯೂ ಆರಿರಲಿಲ್ಲ, ಆಟ ಆಡುವಾಗ ಮಾತ್ರ ಆರುತ್ತಿತ್ತು. ಯಾರೋ ಬೇಕಂತಲೇ ಮಾಡುತ್ತಿರಬೇಕು. ಒಂದು ಸಲ ಮಾಡಿದವನು ಇನ್ನೊಂದು ಸಲ ಮಾಡುವುದಿಲ್ಲವೇ? ಯುರಾನಿಸ್‌ಗೆ ಇದರಲ್ಲಿ ಅನುಮಾನವೇ ಇರಲಿಲ್ಲ.

ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಂದಳು. ಇಬ್ಬರ ಮಾತೂ ಕೇಳಿದಳು. ದೊಡ್ಡವಳ ಮಾತೇ ಹೆಚ್ಚು ನಂಬುವ ಹಾಗಿತ್ತು.

"ದೇಯ್ಮರ್, ನಾಳೆ ಭಾನುವಾರ ನೀನು ಮನೆಯಿಂದ ಹೊರಗೆ ಹೋಗ್ಕೂಡ್ದು."

"ಅಮ್ಮಾ! ನಾಳೆ ಫೈನಲ್ಲು!"

"ವೈರ್ ಎಳೆಯೋವಾಗ ಅದು ನೆನಪಿರ್ಬೇಕಿತ್ತು."

ಅವರ ಬೀದಿಯ ಹುಡುಗರು ಚಿಂದಿ ಬಟ್ಟೆ ಸುತ್ತಿದ ಚೆಂಡಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಕೆಳಗಿನ ಬೀದಿಯವರ ಜೊತೆ ಫೈನಲ್. ದೇಯ್ಮರ್ ಗೋಲ್‌ಕೀಪರ್. ಭಾನುವಾರ ಅವನು ಕಿಟಕಿಯ ಸರಳು ಹಿಡಿದು ನಿಂತು ಪಂದ್ಯ ನೋಡಿದ. ಅವನ ಜಾಗದಲ್ಲಿ ನಿಂತ ಹುಡುಗ ನಾಲ್ಕು ಗೋಲು ಬಿಟ್ಟ. ಕೆಳಗಿನ ಬೀದಿಯವರ ಕೂಗು ಕೇಳಿದಾಗ ಯುರಾನಿಸ್ ಹೆಡ್‌ಫೋನ್ ಹಾಕಿಕೊಂಡಳು.

ಮಂಗಳವಾರ ಅಮ್ಮ ದೇಯ್ಮರನನ್ನು ಹಲ್ಲು ಕೀಳಿಸಲು ಕರೆದುಕೊಂಡು ಹೋದಳು. ಮನೆಯಲ್ಲಿ ಯುರಾನಿಸ್ ಒಬ್ಬಳೇ. ಇವತ್ತಾದರೂ ನೆಮ್ಮದಿಯಾಗಿ ಆಡಬಹುದು ಎಂದು ಕೂತಳು.

ಹನ್ನೆರಡು ನಿಮಿಷಕ್ಕೆ ಪರದೆ ಕಪ್ಪಾಯಿತು.

ಅವಳು ತಟ್ಟನೆ ಹಿಂದೆ ತಿರುಗಿದಳು. ಯಾರೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಬಾಗಿಲಿನ ಚಿಲಕ ಹಾಕಿದ ಹಾಗೆಯೇ ಇತ್ತು. ವೈರು ಗೋಡೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅವಳು ತುಂಬ ಹೊತ್ತು ಆ ವೈರನ್ನೇ ನೋಡಿದಳು.

ಸಂಜೆ ದೇಯ್ಮರ್ ಬಾಯಿಗೆ ಹತ್ತಿ ಇಟ್ಟುಕೊಂಡು ಬಂದ. ಯುರಾನಿಸ್ ಅವನಿಗೆ ಏನೂ ಹೇಳಲಿಲ್ಲ. ಮೊದಲು ಕಂಪ್ಯೂಟರ್ ಸರಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಲೋರ್ಸಿ ಫೋನ್ ಮಾಡಿದಳು. "ಶನಿವಾರ ಮೂರು ಗಂಟೆಗೆ ಬಿ ಸೆಕ್ಷನ್ ಜೊತೆ ಮ್ಯಾಚು. ನೀನು ಹಿಂಗೇ ಮಧ್ಯದಲ್ಲಿ ಮಾಯ ಆದ್ರೆ ಬೇರೆಯವ್ರನ್ನ ಹಾಕ್ಕೊಳ್ತೀವಿ ಅಷ್ಟೆ. ಸೋಲೋ ಹೊತ್ತಿಗೆ ಓಡಿಹೋಗ್ತಾಳೆ ಅಂತ ಎಲ್ಲ ಆಡ್ಕೊಳ್ತಿದಾರೆ."

"ನಾನು ಓಡಿಹೋಗ್ತಿಲ್ಲ! ಕಂಪ್ಯೂಟರ್ ಆಫ್ ಆಗತ್ತೆ."

"ನನಗೆ ಗೊತ್ತು ಕಣೇ. ಅವರಿಗೆ ಗೊತ್ತಾಗ್ಬೇಕಲ್ಲ."

ಯುರಾನಿಸ್ ಆಟವನ್ನು ಪೂರ್ತಿ ಅಳಿಸಿ ಮತ್ತೆ ಹಾಕಿದಳು. ಅದಕ್ಕೇ ಒಂದು ಇಡೀ ಸಂಜೆ ಹಿಡಿಯಿತು. ಆದರೂ ಆರಿತು. ವೈರಸ್ ಇದೆಯೇ ಎಂದು ಹುಡುಕಿದಳು, ಒಂದೂ ಸಿಗಲಿಲ್ಲ. ಪ್ಲಗ್ಗನ್ನು ಬೇರೆ ಗೋಡೆಗೆ ಹಾಕಿದಳು. ಆಗಲೂ ಆರಿತು. ಇಸ್ತ್ರಿಪೆಟ್ಟಿಗೆಯೇ ಕರೆಂಟನ್ನೆಲ್ಲ ಹೀರುತ್ತಿರಬಹುದು ಅನ್ನಿಸಿತು.

"ಅಮ್ಮಾ, ಒಂದು ಕಾಲು ಗಂಟೆ ಇಸ್ತ್ರಿ ನಿಲ್ಸು."

"ನಿನ್ನ ಆಟಕ್ಕೋಸ್ಕರ ನಾನು ಕೈ ಕಟ್ಟಿ ಕೂತ್ಕೋಬೇಕಾ?" ಎಂದು ಗೊಣಗಿದರೂ ಅಮ್ಮ ನಿಲ್ಲಿಸಿದಳು. ಹದಿಮೂರನೇ ನಿಮಿಷಕ್ಕೆ ಕಂಪ್ಯೂಟರ್ ಆರಿತು. ಅಮ್ಮ ಎದ್ದು ಹೋಗಿ ಇಸ್ತ್ರಿ ಮುಂದುವರಿಸಿದಳು.

ಗುರುವಾರ ಯುರಾನಿಸ್ ಎದುರುಮನೆಯ ದೋನ್ಯಾ ಇಲ್ಬಾಳ ಹತ್ತಿರ ಹೋದಳು. ಆ ಅಜ್ಜಿ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಿದ್ದಳು. ಅವಳ ಜಗಲಿಯ ತುಂಬ ರೆಕ್ಕೆ ಬಿಚ್ಚಿದ ಫ್ಯಾನುಗಳು.

"ಕಂಪ್ಯೂಟರ್ ನನಗೆ ಗೊತ್ತಿಲ್ಲ ಕಣೆ ಹುಡುಗಿ" ಎಂದು ಅಜ್ಜಿ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡಳು. "ಮೋಟರ್ ಗೊತ್ತು. ಯಾವಾಗಿಂದ ಹಿಂಗಾಗ್ತಿದೆ?"

"ಮೂರು ವಾರದಿಂದ."

"ಅದಕ್ಕೆ ಮುಂಚೆ?"

"ಚೆನ್ನಾಗಿತ್ತು."

"ಮೂರು ವಾರದ ಹಿಂದೆ ಏನು ಬದಲಾಯಿಸ್ದೆ ನೀನು?"

"ಏನೂ ಇಲ್ಲ" ಎನ್ನಲು ಯುರಾನಿಸ್ ಬಾಯಿ ತೆರೆದಳು. ಅವಳ ಕೈ ತಾನಾಗಿ ಕೊರಳಿನ ಕೀಲಿಯ ಮೇಲೆ ಹೋಯಿತು.

ಅಜ್ಜಿ ಜೊತೆಯಲ್ಲಿ ಬಂದಳು. ಯುರಾನಿಸ್ ಆಟ ಹಾಕಿ ಹತ್ತು ನಿಮಿಷ ಬಿಟ್ಟಳು. ಅಜ್ಜಿ ಬೀರುವಿನ ಬಾಗಿಲ ಮೇಲೆ ಅಂಗೈ ಇಟ್ಟು, "ತೆಗಿ" ಎಂದಳು.

ಬೀಗ ತೆಗೆದು ಬಾಗಿಲು ಎಳೆದೊಡನೆ ಒಲೆಯ ಮುಂದೆ ಕೂತ ಹಾಗೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಅಮ್ಮನ ಹಬ್ಬದ ಲಂಗಗಳು ಕೂಡ ಬೆಚ್ಚಗಿದ್ದವು. ಡಬ್ಬದೊಳಗಿನ ಪುಟ್ಟ ಫ್ಯಾನು ಜೀವ ಹೋಗುವ ಹಾಗೆ ಕಿರುಗುಡುತ್ತಿತ್ತು.

"ಉಸಿರಾಡಕ್ಕೆ ಜಾಗ ಎಲ್ಲಿದೆ ಇದಕ್ಕೆ?" ಎಂದಳು ಅಜ್ಜಿ. "ಬರೆಯೋ ಕೆಲಸ ಆದ್ರೆ ಹೆಂಗೋ ತಡ್ಕೊಳ್ಳತ್ತೆ. ಆಟ ಅಂದ್ರೆ ಓಡಿದ ಹಾಗೆ. ಬಾಯಿಮೂಗು ಮುಚ್ಕೊಂಡು ಓಡು ನೋಡೋಣ ನೀನು. ಸುಟ್ಟುಹೋಗೋ ಬದ್ಲು ತಾನೇ ಆಫ್ ಆಗಿದೆ, ಜಾಣ ಅದು. ಇದರೊಳಗೆ ಇಟ್ಟಿದ್ಯಾರು?"

"ನಾನೇ."

ಇಬ್ಬರೂ ಸೇರಿ ಡಬ್ಬವನ್ನು ಹೊರಗೆ ಎಳೆದು ಮೇಜಿನ ಮೇಲಿಟ್ಟರು. ಅಜ್ಜಿ ಬ್ರಷ್ಷಿನಿಂದ ಧೂಳು ತೆಗೆದಳು. ಬೆಕ್ಕಿನ ಮರಿಯಷ್ಟು ಧೂಳು ಬಂತು. ಅವತ್ತು ಯುರಾನಿಸ್ ಒಂದೂವರೆ ಗಂಟೆ ಆಡಿದಳು. ಕಂಪ್ಯೂಟರ್ ಆರಲಿಲ್ಲ. ಶುಕ್ರವಾರವೂ ಆರಲಿಲ್ಲ.

ಶುಕ್ರವಾರವೂ ಅವಳು ತಮ್ಮನಿಗೆ ಏನೂ ಹೇಳಲಿಲ್ಲ.

ಶನಿವಾರ ಊಟವಾದ ಮೇಲೆ ಅಮ್ಮನ ಮುಂದೆ ಎಲ್ಲ ಹೇಳಿದಳು. ಅಮ್ಮ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತಲೇ ಕೇಳಿದಳು.

"ಶಿಕ್ಷೆ ಕೊಟ್ಟಿದ್ದು ನಾನು. ಅವನ ಹತ್ರ ನಾನೂ ಮಾತಾಡ್ತೀನಿ. ಮೊದಲು ನೀನು ಹೋಗು."

ದೇಯ್ಮರ್ ಬೀದಿಯ ಅಂಚಿನ ಕಟ್ಟೆಯ ಮೇಲೆ ಕೂತಿದ್ದ. ಯುರಾನಿಸ್ ಪಕ್ಕದಲ್ಲಿ ಕೂತಳು. ಕಟ್ಟೆ ಸುಡುತ್ತಿತ್ತು.

"ನೀನು ಮಾಡಿರಲಿಲ್ಲ. ನಾನು ಬೀರುವಿನಲ್ಲಿ ಮುಚ್ಚಿಟ್ಟಿದ್ದಕ್ಕೆ ಹಾಗಾಗ್ತಿತ್ತು."

"ಹೇಳಿದ್ನಲ್ಲ ನಾನು."

"ಹ್ಞೂಂ. ಹೇಳಿದ್ದೆ."

"ಫೈನಲ್ ಮುಗ್ದೋಯ್ತು."

"ಗೊತ್ತು."

ಅವನು ಅಳಲಿಲ್ಲ, ರೇಗಲೂ ಇಲ್ಲ. ಒಂದು ಕಲ್ಲೆತ್ತಿ ರಸ್ತೆಗೆ ಎಸೆದ. ಆಮೇಲೆ ಹೇಳಿದ. "ಮೂಲೆ ಅಂಗಡಿ ಎಲಾದಿಯೋ ತಾತ ನನ್ನನ್ನ ಸ್ವಿಚ್ಚು ಅಂತ ಕರೀತಾರೆ. ಬ್ರೆಡ್ ತರಕ್ಕೆ ಹೋದ್ರೆ, 'ಸ್ವಿಚ್ಚು ಬಂದ, ಫ್ರಿಜ್ ಹುಷಾರು' ಅಂತಾರೆ. ಅಲ್ಲಿರೋರೆಲ್ಲ ನಗ್ತಾರೆ."

ಹೋದ ವಾರ ಚೀಸ್ ತರಲು ಹೋದಾಗ ಕಂಪ್ಯೂಟರ್ ಆರಿಸುವ ತಮ್ಮನ ಕತೆಯನ್ನು ಯುರಾನಿಸ್ ತಾನೇ ತಾತನಿಗೆ ಹೇಳಿದ್ದಳು. ಹೇಳಿ, ತಾನೂ ನಕ್ಕಿದ್ದಳು. ಮನೆಗೆ ಬರುವಷ್ಟರಲ್ಲಿ ಮರೆತಿದ್ದಳು.

ಮೂರು ಗಂಟೆಗೆ ಮ್ಯಾಚು ಶುರುವಾಗುವ ಮುಂಚೆ ಲೋರ್ಸಿ ಹೆಡ್‌ಫೋನಿನಲ್ಲಿ ಕೇಳಿದಳು. "ಇವತ್ತಾದ್ರೂ ತಮ್ಮನ್ನ ಕಟ್ಟಿ ಹಾಕಿದೀಯಾ?" ತಂಡದ ಉಳಿದಿಬ್ಬರೂ ನಕ್ಕರು.

"ಅವನಲ್ಲ. ನಂದೇ ತಪ್ಪು."

"ಏನಂದೆ?"

"ಅವನಲ್ಲ ಅಂದೆ."

ಆಟ ಶುರುವಾಯಿತು. ಕಂಪ್ಯೂಟರ್ ಕೊನೆಯವರೆಗೂ ಆರಲಿಲ್ಲ. ಅವರ ತಂಡವೇ ಗೆದ್ದಿತು. ಲೋರ್ಸಿ ಇನ್ನೂ ಕುಣಿದಾಡುತ್ತಿರುವಾಗ ಯುರಾನಿಸ್ ಹೆಡ್‌ಫೋನ್ ತೆಗೆದಿಟ್ಟು, ಚಪ್ಪಲಿ ಮೆಟ್ಟಿ ಹೊರಟಳು.

ಅಂಗಡಿಯ ಮುಂದೆ ಬಾದಾಮಿ ಮರದ ನೆರಳಿನಲ್ಲಿ ನಾಲ್ಕು ಜನ ಡಾಮಿನೋ ಆಡುತ್ತಿದ್ದರು. ಎಲಾದಿಯೋ ತಾತ ಗಲ್ಲಾದ ಹಿಂದಿನಿಂದ ಬಗ್ಗಿ ನೋಡಿದ.

"ಏನು ಕೊಡ್ಲಿ ಮರಿ? ಚೀಸಾ?"

"ಏನೂ ಬೇಡ ತಾತ."

"ಮತ್ತೆ?"

ಯುರಾನಿಸ್ ಹೊರಗೆ ಕೂತವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು.

"ನನ್ನ ತಮ್ಮನ ಹೆಸರು ದೇಯ್ಮರ್. ಕಂಪ್ಯೂಟರ್ ಆಫ್ ಆಗ್ತಿದ್ದಿದ್ದು ಅವನಿಂದ ಅಲ್ಲ."